ಜಂತಿಯೊಳಗಿನ ಬಡಗಿತ್ತಿ



ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ದೂರು ತಪ್ಪುವುದಿಲ್ಲ. ಈ ಸಲವಂತೂ ನಮ್ಮ ಕಲಬುರಗಿ ಜಿಲ್ಲೆಯಿಂದಲೇ ಮೂರು ಪತ್ರಗಳು ಒಂದರ ಹಿಂದೊಂದು ಬಂದಿವೆ.

ಆಳಂದದ ಸೋದರಿಯೊಬ್ಬರದು ಹಳೇ ಮಾಳಿಗೆ ಮನೆ. ಪಡಸಾಲೆಯ ಜಂತಿಗಳಲ್ಲಿ ಬೆರಳು ಹೋಗುವಷ್ಟು ದೊಡ್ಡ, ದುಂಡನೆಯ ತೂತುಗಳು ಬಿದ್ದಿವೆಯಂತೆ. ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಕೆಳಗೆ ಕಟ್ಟಿಗೆ ಪುಡಿ. "ಮನೆ ಕುಸಿದೀತೇ?" ಅಂತ ಅವರ ಪ್ರಶ್ನೆ. ಅಫಜಲಪುರದಿಂದ ಬರೆದವರಿಗೆ ಮಕ್ಕಳ ಚಿಂತೆ. ಹಿತ್ತಲ ಬಾಗಿಲಲ್ಲಿ ದೊಡ್ಡ ಕರೀ ಹುಳವೊಂದು ಮುಖದ ಮುಂದೆಯೇ ಗಾಳಿಯಲ್ಲಿ ನಿಂತು ಗುಂಯ್ ಅನ್ನುತ್ತದೆ, ಕಚ್ಚಿದರೆ ಏನು ಗತಿ ಅನ್ನುತ್ತಾರೆ. ಜೇವರ್ಗಿ ಕಡೆಯ ಹಳ್ಳಿಯ ಸೋದರಿಯ ಪತ್ರ ಓದಿ ನನಗೇ ಗಾಬರಿಯಾಯಿತು. ಮನೆಯವರು ತೊಗರಿಗೆ ಹೊಡೆದು ಉಳಿದ ಔಷಧ ಒಂದು ಬಾಟಲಿಯಲ್ಲಿದೆ, ಅದನ್ನು ತೂತಿನೊಳಗೆ ಬಿಡಬೇಕೆಂದಿದ್ದೇನೆ, ಎಷ್ಟು ಬಿಡಲಿ ಅಂತ ಕೇಳಿದ್ದಾರೆ.

ಮೊದಲು ಈ ಮೂರನೆಯವರಿಗೇ ಉತ್ತರ ಕೊಡುತ್ತೇನೆ. ಬಿಡಬೇಡಿ ತಂಗಿ. ಒಂದು ಹನಿಯೂ ಬೇಡ.

ಹೊಲದ ಔಷಧ ಬಯಲಲ್ಲಿ, ನೀರಿಗೆ ಬೆರೆಸಿ ಹೊಡೆಯಲು ಮಾಡಿದ್ದು. ಅದನ್ನು ಮನೆಯ ಜಂತಿಗೆ ಬಿಟ್ಟರೆ ಅದು ಜಂತಿಯಲ್ಲೇ ಕೂಡುವುದಿಲ್ಲ. ಹನಿಹನಿಯಾಗಿ ಕೆಳಗೆ ಇಳಿಯುತ್ತದೆ. ಕೆಳಗೆ ಏನಿದೆ ನೋಡಿಕೊಳ್ಳಿ: ಹಿಟ್ಟಿನ ಡಬ್ಬಿ, ನೀರಿನ ಕೊಡ, ಮಲಗಿದ ಮಗು. ಬೇಸಿಗೆಯ ಕಾವಿಗೆ ಅದರ ಘಾಟು ಮುಚ್ಚಿದ ಕೋಣೆಯಲ್ಲಿ ದಿನಗಟ್ಟಲೆ ಸುತ್ತುತ್ತದೆ. ಇನ್ನು ಕೆಲವರು ಸೀಮೆಎಣ್ಣೆ, ಪೆಟ್ರೋಲು ಸುರಿಯುತ್ತಾರೆ. ಒಣ ಕಟ್ಟಿಗೆಗೆ ಎಣ್ಣೆ ಕುಡಿಸಿ, ಅದರ ಕೆಳಗೇ ಒಲೆ ಹಚ್ಚುವುದು ಎಂಥ ಜಾಣತನ? ಹುಳ ಸಾಯುವುದಕ್ಕಿಂತ ಮೊದಲು ಮನೆಗೆ ಕೇಡು.

ಹಾಗೆಯೇ ಉಳಿದ ಔಷಧವನ್ನು ಶರಬತ್ತಿನ ಬಾಟಲಿಗೋ ಎಣ್ಣೆಯ ಡಬ್ಬಿಗೋ ಹಾಕಿ ಮನೆಯಲ್ಲಿ ಇಡಬೇಡಿ. ಅದರ ಚೀಟಿ ಇರುವ ಮೂಲ ಡಬ್ಬಿಯಲ್ಲೇ, ಬೀಗ ಹಾಕಿದ ಜಾಗದಲ್ಲಿ, ಅಡಿಗೆಮನೆಯಿಂದ ದೂರ ಇರಲಿ. ಯಾರಾದರೂ ತಪ್ಪಿ ಕುಡಿದರೆ ಮನೆಯಲ್ಲಿ ವಾಂತಿ ಮಾಡಿಸಲು ಹೋಗದೆ, ಆ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ದವಾಖಾನೆಗೆ ಓಡಬೇಕು. ಯಾವ ವಿಷ ಅಂತ ತಿಳಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

ಈಗ ಆ ಹುಳದ ವಿಷಯಕ್ಕೆ ಬರೋಣ.

ಯಾರಿವಳು?

ನಾವು ಗುಂಗಿ ಹುಳ ಅಂತಲೋ ಕರೀ ದುಂಬಿ ಅಂತಲೋ ಕರೆಯುವ ಇದು ಜೇನಿನ ಬಳಗಕ್ಕೆ ಸೇರಿದ್ದು. ಪುಸ್ತಕಗಳಲ್ಲಿ ಬಡಗಿ ಜೇನು ಅಥವಾ ಬಡಗಿ ದುಂಬಿ ಎನ್ನುತ್ತಾರೆ. 1802ರಲ್ಲಿ ಲತ್ರೇಯ್ ಎಂಬ ಫ್ರೆಂಚ್ ಪಂಡಿತ ಇದಕ್ಕೆ ಝೈಲೋಕೋಪಾ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಕಟ್ಟಿಗೆ ಕಡಿಯುವವ. ಜಗತ್ತಿನಲ್ಲಿ ಇದರ 400ಕ್ಕೂ ಹೆಚ್ಚು ಜಾತಿಗಳಿವೆ. ಕೆಲವು ಪೂರ್ತಿ ಕಪ್ಪು, ರೆಕ್ಕೆಗೆ ನೀಲಿ ನೇರಳೆ ಹೊಳಪು. ಕೆಲವಕ್ಕೆ ಎದೆಯ ಮೇಲೆ ಅರಿಷಿಣ ಬಳಿದಂತೆ ಹಳದಿ ರೋಮ.

ನಮ್ಮ ಹಿರಿಯರಿಗೆ ಇದರ ಪರಿಚಯ ಚೆನ್ನಾಗಿಯೇ ಇತ್ತು. ಒಂದು ಸಂಸ್ಕೃತ ಸುಭಾಷಿತವಿದೆ. ಗಟ್ಟಿ ಕಟ್ಟಿಗೆಯನ್ನು ಕೊರೆಯಬಲ್ಲ ಭ್ರಮರ ಕಮಲದ ಮೊಗ್ಗಿನೊಳಗೆ ಸಿಕ್ಕಿಬಿದ್ದರೆ ಎಸಳನ್ನು ಕತ್ತರಿಸಿ ಹೊರಗೆ ಬರುವುದಿಲ್ಲ, ಪ್ರೀತಿಯ ಕಟ್ಟು ಅಷ್ಟು ಬಿಗಿ ಅಂತ ಅದರ ಅರ್ಥ. ಜೇನುಗಳಲ್ಲಿ ಗಟ್ಟಿ ಕಟ್ಟಿಗೆ ಕೊರೆಯುವವಳು ಇವಳೇ. ಅಂದಮೇಲೆ ಆ ಕವಿ ಹೇಳಿದ್ದು ಇವಳನ್ನೇ. ನಮ್ಮ ಭಾಗದಿಂದ ಯುಗಾದಿ ಹೊತ್ತಿಗೆ ಜನ ನಡೆದುಕೊಂಡು ಹೋಗುತ್ತಾರಲ್ಲ, ಆ ಶ್ರೀಶೈಲದ ತಾಯಿ ಭ್ರಮರಾಂಬೆಯ ಹೆಸರಿನಲ್ಲೂ ಭ್ರಮರವಿದೆ.

ಈ ಬಳಗದಲ್ಲಿ ರಾತ್ರಿ ದುಡಿಯುವವರೂ ಇದ್ದಾರೆ. ಅಫಜಲಪುರ, ಜೇವರ್ಗಿ ಸೀಮೆಗೆ ಹರಿದು ಬರುವ ನಮ್ಮ ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅಲ್ಲಿಯ ಕಾಡಿನಲ್ಲಿ ಹೇಮಾ ಸೋಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಅವರ ಜೊತೆಯವರು ಒಂದು ಬಡಗಿ ದುಂಬಿಯ ಮೇಲೆ ಕಣ್ಣಿಟ್ಟು ಕೂತರು. ತಮಿಳುನಾಡಿನ ತರಂಗಂಬಾಡಿಯ ಹೆಸರು ಹೊತ್ತ ಜಾತಿ ಅದು, ಟ್ರಾಂಕೆಬಾರಿಕಾ. ಚಂದ್ರನಿಲ್ಲದ ರಾತ್ರಿ ಬರೀ ನಕ್ಷತ್ರದ ಬೆಳಕಿನಲ್ಲಿ ಆ ದುಂಬಿ ಬಣ್ಣ ಗುರುತಿಸಿ ತನ್ನ ಮನೆಗೆ ಬರುತ್ತದೆ ಅಂತ 2008ರಲ್ಲಿ ಅವರು ಪ್ರಕಟಿಸಿದರು. ಅಷ್ಟು ಮಬ್ಬಿನಲ್ಲಿ ನಮಗೆ ಸೀರೆ ಕೆಂಪೋ ಹಸಿರೋ ತಿಳಿಯುವುದಿಲ್ಲ ನೋಡ್ರಿ!

ಆಕೆ ಮನೆ ಕಟ್ಟುವ ರೀತಿ

ಸಾಮಾನ್ಯ ಜೇನಿನಂತೆ ಇವರದು ಸಾವಿರಾರು ಜನರ ಹಟ್ಟಿಯಲ್ಲ. ಹುಟ್ಟು ಕಟ್ಟುವುದಿಲ್ಲ, ನಮಗೆ ಇಳಿಸಲು ಜೇನುತುಪ್ಪ ಕೂಡಿಡುವುದಿಲ್ಲ. ಒಬ್ಬ ಹೆಂಗಸು, ಒಂದು ಮನೆ. ಕಟ್ಟುವವಳೂ ಆಕೆಯೇ, ದುಡಿಯುವವಳೂ ಆಕೆಯೇ.

ಆಕೆ ಆರಿಸುವುದು ಒಣಗಿದ, ಬಣ್ಣ ಬಳಿಯದ ಕಟ್ಟಿಗೆ. ಹಳೇ ಜಂತಿ, ಬಾಗಿಲ ಚೌಕಟ್ಟು, ಕೊಟ್ಟಿಗೆಯ ಕಂಬ, ಒಣಗಿ ನಿಂತ ಮರ, ಬದುವಿನ ಮೇಲೆ ಒಣಗಿದ ಕತ್ತಾಳೆಯ ಹೂಕಂಬ. ಕೆಲವು ಜಾತಿಗಳಿಗೆ ಬಿದಿರೇ ಬೇಕು. ಬಿದಿರು ಹೇಗೂ ಒಳಗೆ ಪೊಳ್ಳು, ಬಾಗಿಲೊಂದು ಕೊರೆದರೆ ಮನೆ ಸಿದ್ಧ.

ಗಟ್ಟಿ ಕಟ್ಟಿಗೆಯಾದರೆ ಕೆಲಸ ಹೆಚ್ಚು. ಬಡಿಗ್ಯಾರ ಬೈರಿಗೆಯಿಂದ ಕೊರೆದಂತೆ ನೀಟಾದ ದುಂಡು ತೂತು ಬೀಳುತ್ತದೆ. ಆಯುಧ ಅಂದರೆ ಬರೀ ದವಡೆ. ಸ್ವಲ್ಪ ಒಳಗೆ ಹೋದಮೇಲೆ ಕಾಟಕೋನದಲ್ಲಿ ತಿರುಗಿ, ಕಟ್ಟಿಗೆಯ ಎಳೆ ಹೋದ ದಿಕ್ಕಿಗೇ ಸುರಂಗ ತೋಡುತ್ತಾಳೆ. ಎಳೆಗೆ ಅಡ್ಡ ಕೊರೆಯುವುದಕ್ಕಿಂತ ಎಳೆಯ ಉದ್ದಕ್ಕೆ ಕೊರೆಯುವುದು ಹಗುರ. ಒಂದು ಅಂಗುಲಕ್ಕೆ ಹಲವು ದಿನ ಬೇಕಾಗುತ್ತದೆ. ಜಂತಿಗೆ ಕಿವಿಗೊಟ್ಟರೆ ಕರಕರ ಸಪ್ಪಳ ಕೇಳುತ್ತದೆ. ಗಮನಿಸಬೇಕಾದ ಮಾತು ಇದು: ಆಕೆ ಕಟ್ಟಿಗೆಯನ್ನು ತಿನ್ನುವುದಿಲ್ಲ. ಕೊರೆದ ಪುಡಿಯನ್ನು ಹೊರಗೆ ತಳ್ಳುತ್ತಾಳೆ, ಅದೇ ನಿಮ್ಮ ಪಡಸಾಲೆಯಲ್ಲಿ ಬೀಳುವುದು. ಆಕೆಯ ಊಟ ಹೂವಿನ ಮಕರಂದ ಮತ್ತು ಪರಾಗ.

ಸುರಂಗ ಆದಮೇಲೆ ಅಡಿಗೆ ಕೆಲಸ ಶುರು. ಹೂವಿಂದ ಹೂವಿಗೆ ಹೋಗಿ ಪರಾಗ ತಂದು, ಮಕರಂದದಲ್ಲಿ ಕಲಸಿ, ಕಣಕದ ಉಂಡೆಯಂತೆ ಮಾಡಿ ಸುರಂಗದ ತುದಿಯಲ್ಲಿಡುತ್ತಾಳೆ. ಅದರ ಮೇಲೆ ಒಂದೇ ಒಂದು ತತ್ತಿ. ಆಮೇಲೆ ಕಟ್ಟಿಗೆ ಪುಡಿಗೆ ಎಂಜಲು ಬೆರೆಸಿ ಅಡ್ಡಗೋಡೆ ಕಟ್ಟುತ್ತಾಳೆ. ಮತ್ತೆ ಉಂಡೆ, ಮತ್ತೆ ತತ್ತಿ, ಮತ್ತೆ ಗೋಡೆ. ಪ್ರತಿ ಕೂಸಿಗೂ ಬೇರೆ ಕೋಣೆ, ಪ್ರತಿ ಕೋಣೆಯಲ್ಲೂ ಆ ಕೂಸು ದೊಡ್ಡದಾಗುವವರೆಗೆ ಸಾಕಾಗುವಷ್ಟು ಬುತ್ತಿ. ಮಕ್ಕಳನ್ನು ಪರೀಕ್ಷೆಗೆ ಕಳಿಸುವಾಗ ನಾವು ಬುತ್ತಿ ಕಟ್ಟುತ್ತೇವಲ್ಲ, ಆಕೆ ಕಟ್ಟುವುದು ಇಡೀ ಬಾಲ್ಯಕ್ಕಾಗುವ ಬುತ್ತಿ.

ಹೀಗೆ ಒಂದು ಸುರಂಗದಲ್ಲಿ ಸಾಮಾನ್ಯವಾಗಿ ಐದಾರು ಕೋಣೆ, ಹೆಚ್ಚೆಂದರೆ ಇನ್ನೊಂದೆರಡು. ದೊಡ್ಡ ಜಾತಿಗಳ ತತ್ತಿ ಒಂದು ಸೆಂಟಿಮೀಟರಿಗಿಂತ ಉದ್ದ, ಕೀಟಗಳ ತತ್ತಿಗಳಲ್ಲಿ ಇದು ಬಹಳ ದೊಡ್ಡದು. ಜೇನುಹುಟ್ಟಿನ ರಾಣಿ ದಿನಕ್ಕೆ ನೂರಾರು ತತ್ತಿ ಇಡುತ್ತಾಳೆ, ಇವಳದು ಬೆರಳೆಣಿಕೆ. ಆದ್ದರಿಂದಲೇ ಒಂದು ತೂತಿಗೆ ವಿಷ ಬಿಟ್ಟರೂ ಆಕೆಯ ಮನೆತನದ ದೀಪವೇ ಆರಿದಂತೆ.

ಹವೆಯ ಬಿಸಿ ನೋಡಿಕೊಂಡು ತಿಂಗಳಿನಿಂದ ಎರಡು ತಿಂಗಳಲ್ಲಿ ಮರಿಗಳು ರೆಕ್ಕೆ ಬಲಿತು ಹೊರಬರುತ್ತವೆ. ಹೊರಬಂದ ಕೂಡಲೇ ಮನೆ ಬಿಡುವುದಿಲ್ಲ. ಕೆಲವು ದಿನ ಅಲ್ಲೇ ಇದ್ದು ತಾಯಿ ತಂದದ್ದನ್ನು ತಿನ್ನುತ್ತವೆ. ಕೆಲವು ಜಾತಿಗಳಲ್ಲಿ ಮಗಳು ದುಡಿಯಲು ಹೋದಾಗ ವಯಸ್ಸಾದ ತಾಯಿ ಬಾಗಿಲಲ್ಲಿ ಕೂತು ಕಾಯುವುದೂ ಉಂಟು. ಬೇರೆ ಹೆಂಗಸು ಮನೆ ಕಸಿಯಲು ಬಂದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಇದನ್ನು ಓದಿದಾಗ ಕಟ್ಟೆಯ ಮೇಲೆ ಕೂತು ಬಂದವರನ್ನೆಲ್ಲ "ಯಾರಪಾ?" ಅಂತ ಕೇಳುವ ನಮ್ಮ ಅತ್ತೆಯಂದಿರ ನೆನಪಾಗಿ ನಗು ಬಂತು.

ಕಚ್ಚುತ್ತದೆಯೇ?

ಅಫಜಲಪುರದ ಸೋದರಿ, ನಿಮ್ಮ ಮುಖದ ಮುಂದೆ ನಿಂತು ಗುಂಯ್‌ಗುಡುವುದು ಬಹಳ ಮಟ್ಟಿಗೆ ಗಂಡು. ಹೆಣ್ಣಿಗಾಗಿ ಕಾಯುತ್ತ, ಆ ಜಾಗ ತನ್ನದು ಅಂತ ಸಾರುತ್ತ ಹಾರಾಡುತ್ತದೆ. ಹತ್ತಿರ ಬಂದವರನ್ನು ಮುಖಕ್ಕೆ ಮುಖ ಕೊಟ್ಟು ವಿಚಾರಿಸುತ್ತದೆ. ಆದರೆ ಅದಕ್ಕೆ ಮುಳ್ಳೇ ಇಲ್ಲ. ಬರೀ ಬಾಯಿಮಾತಿನ ಶೂರ! ಹೆಣ್ಣಿಗೆ ಮುಳ್ಳಿದೆ, ಆದರೆ ಕೈಯಲ್ಲಿ ಹಿಡಿದರೆ, ಅರಿವೆಯೊಳಗೆ ಸಿಕ್ಕರೆ, ತೂತಿಗೆ ಕಡ್ಡಿ ಚುಚ್ಚಿದರೆ ಮಾತ್ರ ಕುಟುಕುತ್ತದೆ. ಹೆಜ್ಜೇನಿನಂತೆ ಗುಂಪು ಕಟ್ಟಿ ಮೈಮೇಲೆ ಬೀಳುವ ಮಾತೇ ಇಲ್ಲ.

ಮಕ್ಕಳಿಗೆ ಎರಡೇ ಮಾತು ಕಲಿಸಿ: ತೂತಿನೊಳಗೆ ಬೆರಳು, ಕಡ್ಡಿ ಹಾಕಬಾರದು; ನೆಲಕ್ಕೆ ಬಿದ್ದ ದುಂಬಿಯನ್ನು ಬರಿಗೈಲಿ ಎತ್ತಬಾರದು. ಒಂದು ವೇಳೆ ಕುಟುಕಿದರೆ ಸಾಬೂನು ಹಚ್ಚಿ ತೊಳೆದು ತಣ್ಣೀರು ಬಟ್ಟೆ ಇಡಿ. ನೋವು, ಬಾವು ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ತುಟಿ, ಮುಖ ಬಾತರೆ, ಮೈತುಂಬಾ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ ಮನೆಮದ್ದು ಮಾಡುತ್ತ ಕೂಡಬೇಡಿ. ಯಾವ ಹುಳ ಕಚ್ಚಿದರೂ ಅಷ್ಟೇ, ತಕ್ಷಣ ದವಾಖಾನೆಗೆ.

ಜಂತಿ ಬೀಳುತ್ತದೆಯೇ?

ಇದು ಆಳಂದದವರ ಪ್ರಶ್ನೆ. ತೂತು ಯಾರದು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಗೋಡೆಯಿಂದ ಮಣ್ಣಿನ ಗೆರೆ ಏರಿದ್ದರೆ ಅದು ಒರಲೆ, ಗೆದ್ದಲು. ಸೂಜಿ, ದಬ್ಬಣ ಹೋಗುವಷ್ಟು ಸಣ್ಣ ತೂತುಗಳು ಬಹಳ ಇದ್ದು, ಹಿಟ್ಟಿನಂಥ ನುಣ್ಣನೆಯ ಪುಡಿ ಉದುರುತ್ತಿದ್ದರೆ ಅದು ಕಟ್ಟಿಗೆ ತಿನ್ನುವ ಬೇರೆ ಹುಳ. ಈ ಎರಡೂ ನಿಜವಾದ ಮನೆಮುರುಕರು. ಬೆರಳಿನ ಗಾತ್ರದ ದುಂಡು ತೂತು, ತರಿತರಿಯಾದ ಪುಡಿ, ತೂತಿನ ಕೆಳಗೆ ಹಳದಿ ಕಲೆ ಇದ್ದರೆ ಅದು ನಮ್ಮ ಬಡಗಿತ್ತಿ.

ಊರಿನ ಬಡಿಗ್ಯಾರ ಕಾಕಾ ಒಬ್ಬರನ್ನು ಈ ಬಗ್ಗೆ ಕೇಳಿದೆ. ಅವರು ಹೇಳಿದ್ದು ಹೀಗೆ: "ಯವ್ವಾ, ಒರಲಿ ತೊಲಿ ತಿಂತದ, ಇದು ತೊಲ್ಯಾಗ ಬರೇ ಇರ್ತದ. ಒಂದ್ ತೂತಿಗಿ ತೊಲಿ ಬೀಳಲ್ಲ. ಮಳಿ ನೀರು ತೂತಿನ್ಯಾಗ ಇಳದು ಒಳಗ ಕೊಳೀತಂದ್ರ ಆಗ ಬೀಳ್ತದ." ದಪ್ಪ ತೊಲೆಗೆ ನಾಲ್ಕಾರು ತೂತು ಲೆಕ್ಕಕ್ಕಿಲ್ಲ.

ಹಾಗಂತ ಪೂರ್ತಿ ಅಲಕ್ಷ್ಯ ಮಾಡುವಂತೆಯೂ ಇಲ್ಲ. ಮಗಳು, ಮೊಮ್ಮಗಳು ಅದೇ ಮನೆಗೆ ಮರಳಿ ಬಂದು ಸುರಂಗವನ್ನು ಉದ್ದ ಮಾಡುತ್ತ ಹೋಗುತ್ತಾರೆ. ವರ್ಷಗಟ್ಟಲೆ ಹೀಗಾದರೆ ತೆಳು ಕಟ್ಟಿಗೆ ಒಳಗೆ ಪೊಳ್ಳಾಗುತ್ತದೆ. ಅದಕ್ಕೇ ನಿಚ್ಚಣಿಕೆ, ತೊಟ್ಟಿಲು ಕಟ್ಟುವ ತೊಲೆ, ಜೋಕಾಲಿಯ ಕೊಂಡಿ ಇರುವ ಜಂತಿ, ಇವನ್ನು ವರ್ಷಕ್ಕೊಮ್ಮೆ ನೋಡಿಸಿ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಗಟ್ಟಿ ಕಟ್ಟಿಗೆ ಟಣ್ ಅನ್ನುತ್ತದೆ, ಪೊಳ್ಳಾದದ್ದು ಡಬ್ ಡಬ್ ಅನ್ನುತ್ತದೆ. ಡಬ್ ಅಂದ ತೊಲೆಗೆ ಕೂಸಿನ ತೊಟ್ಟಿಲು ಕಟ್ಟಬೇಡಿ. ಬಡಿಗ್ಯಾರನ್ನು ಕರೆಸಿ.

ವಿಷವಿಲ್ಲದ ಉಪಾಯ

ಒಂದು. ತೂತು ಮುಚ್ಚುವ ಮೊದಲು ಮನೆಯಲ್ಲಿ ಯಾರಿದ್ದಾರೆ ನೋಡಿ. ಸಂಜೆ ತೂತಿನ ಬಾಯಿಗೆ ಒಂದು ಹಗುರ ಕಾಗದದ ಉಂಡೆ ಸಡಿಲಾಗಿ ಇಡಿ. ಬೆಳಿಗ್ಗೆ ಅದು ಕೆಳಗೆ ಬಿದ್ದಿದ್ದರೆ ಒಳಗೆ ಸಂಸಾರವಿದೆ. ಆಗ ಬಲವಂತದಿಂದ ಮುಚ್ಚಿದರೆ ಒಳಗಿನವರು ಇನ್ನೊಂದು ಕಡೆಯಿಂದ ಕೊರೆದು ಹೊರಗೆ ಬರುತ್ತಾರೆ. ಒಂದು ತೂತಿನ ಬದಲು ಎರಡಾದವು! ಮರಿಗಳು ದೊಡ್ಡವಾಗಲು ಎರಡು ತಿಂಗಳು ಬಿಡಿ. ಆಮೇಲೆ ವಾರಕ್ಕೊಮ್ಮೆ ಕಾಗದ ಇಟ್ಟು ನೋಡಿ. ಸತತ ಮೂರು ವಾರ ಅಲುಗದಿದ್ದರೆ ಮನೆ ಖಾಲಿ.

ಎರಡು. ಖಾಲಿ ತೂತಿಗೆ ಬೇವಿನ ಗೂಟವನ್ನು ಅಳತೆಗೆ ಕೆತ್ತಿ ಬಡಿಯಿರಿ. ಸಂದಿಗೆ ಕಟ್ಟಿಗೆ ಪುಡಿ ಮತ್ತು ಫೆವಿಕಾಲ್ ಕಲಸಿ ಮೆತ್ತಿ. ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿ ಬಣ್ಣ ಹಚ್ಚಿ. ಮಳೆಗಾಲಕ್ಕೆ ಮುಂಚೆ ಈ ಕೆಲಸ ಮುಗಿದರೆ ಕಾಕಾ ಹೇಳಿದ ನೀರಿನ ಕಾಟವೂ ಇಲ್ಲ.

ಮೂರು. ಆಕೆಗೆ ಬಣ್ಣ ಹಚ್ಚಿದ ಕಟ್ಟಿಗೆ ಸೇರುವುದಿಲ್ಲ. ಚೌಕಟ್ಟು, ಬಾಗಿಲು, ಜಂತಿಯ ಹೊರಗೆ ಚಾಚಿದ ತುದಿಗಳಿಗೆ ಎಣ್ಣೆಬಣ್ಣ ಎರಡು ಕೈ ಹಚ್ಚಿದರೆ ಬಹುತೇಕ ಬೇರೆ ಜಾಗ ಹುಡುಕುತ್ತಾಳೆ. ಬಣ್ಣ ಬೇಡ, ಕಟ್ಟಿಗೆಯ ಅಂದ ಕಾಣಬೇಕು ಅನ್ನುವವರು ಅಗಸೆ ಎಣ್ಣೆ ಹಚ್ಚುತ್ತಾರೆ. ಅದರಿಂದ ಕಟ್ಟಿಗೆ ಬಾಳಿಕೆ ಬರುತ್ತದೆ, ಆದರೆ ದುಂಬಿಯನ್ನು ತಡೆಯುವ ಶಕ್ತಿ ಬಣ್ಣಕ್ಕಿಂತ ಕಡಿಮೆ, ವರ್ಷವರ್ಷವೂ ಹಚ್ಚಬೇಕು. ಇಲ್ಲಿ ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನಾಗಿ ಕಾವೇರಿ ಅರಿವೆಗೆ ಬೆಂಕಿ ಹತ್ತುವುದುಂಟು. ಅಂಗಳದಲ್ಲಿ ಹರವಿ ಪೂರ್ತಿ ಒಣಗಿಸಿಯೇ ಬಿಸಾಡಿ.

ನಾಲ್ಕು. ಆಕೆಗೂ ಒಂದು ಜಾಗ ಕೊಡಿ. ಹಿತ್ತಲಲ್ಲಿ, ಕೊಟ್ಟಿಗೆಯ ಸೂರಿನ ಕೆಳಗೆ, ಆಳೆತ್ತರದಲ್ಲಿ, ಮಳೆ ಬಡಿಯದಂತೆ ಒಂದು ಹಳೇ ಒಣ ತುಂಡು ಕಟ್ಟಿ ಬಿಡಿ. ಕತ್ತಾಳೆಯ ಒಣ ಹೂಕಂಬವಾದರೂ ಸರಿ. ಬೆರಳು ಹೋಗುವಷ್ಟು ಪೊಳ್ಳಿರುವ ಬಿದಿರಿನ ಗೇಣುದ್ದದ ತುಂಡುಗಳೂ ಆಗುತ್ತವೆ. ಹಿಂದಿನ ತುದಿಯಲ್ಲಿ ಗಿಣ್ಣು ಇರಲಿ, ಮುಂದಿನ ಬಾಯಿ ತೆರೆದಿರಲಿ. ನಾಲ್ಕೈದು ತುಂಡು ಕೂಡಿಸಿ ಹೊರೆ ಕಟ್ಟಿ ಅಡ್ಡಲಾಗಿ ತೂಗುಹಾಕಿ. ಬೆಳಗಿನ ಬಿಸಿಲು ಬೀಳುವ ಕಡೆ ಮುಖ ಮಾಡಿದರೆ ಒಳ್ಳೆಯದು. ಖರ್ಚು ಒಂದು ಪೈಸೆಯೂ ಇಲ್ಲ.

ಕರೀ ಹುಳಕ್ಕೆ ಇಷ್ಟು ಉಪಚಾರ ಯಾಕೆ?

ಇದನ್ನು ಕೇಳಿಯೇ ಕೇಳುತ್ತೀರಿ ಅಂತ ಗೊತ್ತು. ಉತ್ತರ ನಿಮ್ಮ ಅಡಿಗೆಮನೆಯಲ್ಲೇ ಇದೆ.

ಬದನೆಕಾಯಿ ತೆಗೆದುಕೊಳ್ಳಿ. ಎಣ್ಣೆಗಾಯಿ ಇಲ್ಲದ ಜೋಳದ ರೊಟ್ಟಿ ಯಾವ ಮದುವೆಗೆ ಸೊಗಸು? ಬದನೆ ಹೂವಿನಲ್ಲಿ ಪರಾಗ ಹೊರಗೆ ಕಾಣುವಂತೆ ಇರುವುದಿಲ್ಲ. ನಡುವಿನ ಹಳದಿ ಕೊಳವೆಗಳ ಒಳಗಿರುತ್ತದೆ, ತುದಿಯಲ್ಲಿ ಸಣ್ಣ ತೂತು. ಥೇಟ್ ನಮ್ಮ ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ. ಅಲುಗಿಸಿದರೇ ಉದುರುವುದು. ಗಾಳಿಗೆ ಸ್ವಲ್ಪ ಉದುರುತ್ತದೆ. ಬಡಗಿ ದುಂಬಿ ಬಂದರೆ ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ, ಎದೆಯ ಸ್ನಾಯುಗಳನ್ನಷ್ಟೇ ಝೇಂಕರಿಸಿ ಡಬ್ಬಿಯನ್ನು ಅಲುಗಿಸುತ್ತದೆ. ಪರಾಗ ಬುಸ್ಸನೆ ಉದುರಿ ಕಾಯಿ ಚೆನ್ನಾಗಿ ಕಟ್ಟುತ್ತದೆ. ಟೊಮೇಟೊ ಹೂವಿನದೂ ಇದೇ ಕಥೆ. ತುಪ್ಪ ಕೊಡುವ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಬೆಳಿಗ್ಗೆ ಬದನೆ ಗಿಡದ ಹತ್ತಿರ ನಿಂತರೆ ಹಾರುವಾಗಿನ ಗುಂಯ್ ಬೇರೆ, ಹೂವಿನ ಮೇಲೆ ಕೂತಾಗಿನ ಸಣ್ಣ ಝೀ ಬೇರೆ ಅಂತ ನಿಮ್ಮ ಕಿವಿಗೇ ತಿಳಿಯುತ್ತದೆ.

ನುಗ್ಗೆ ಗಿಡ ಹಿತ್ತಲಲ್ಲಿ ಇದೆಯಷ್ಟೇ? ಆಂಧ್ರದ ವಿಜ್ಞಾನಿಗಳು ನುಗ್ಗೆ ಹೂವನ್ನು ಅಧ್ಯಯನ ಮಾಡಿ 1990ರಲ್ಲಿ ಬರೆದ ಲೇಖನದಲ್ಲಿ, ಅದಕ್ಕೆ ಬಹಳ ನಂಬಿಕೆಯ ಪರಾಗದೂತರು ಬಡಗಿ ದುಂಬಿಗಳೇ ಅಂದಿದ್ದಾರೆ. ಹನುಮಪ್ಪನ ಹಾರಕ್ಕೆ ಬೇಕಾದ ಎಕ್ಕೆಯ ಹೂವಿಗೂ ಇವರೇ ಮುಖ್ಯ ಅತಿಥಿಗಳು. ಅದರ ಪರಾಗ ಪುಡಿಯಾಗಿರದೆ ಗಂಟಾಗಿ ಇರುತ್ತದೆ. ಅದನ್ನು ಕಾಲಿಗೆ ಸಿಕ್ಕಿಸಿಕೊಂಡು ಎಳೆದೊಯ್ಯಲು ಬಲವಾದ ಹುಳವೇ ಬೇಕು.

ಕೊನೆಗೆ ತೊಗರಿ. ಆಳಂದ, ಅಫಜಲಪುರ, ಜೇವರ್ಗಿ ಅಂದರೆ ತೊಗರಿ, ತೊಗರಿ ಅಂದರೆ ಕಲಬುರಗಿ. 2019ರಲ್ಲಿ ನಮ್ಮ ತೊಗರಿಬ್ಯಾಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ತೊಗರಿ ತನ್ನಷ್ಟಕ್ಕೆ ತಾನೂ ಕಾಯಿ ಕಟ್ಟುತ್ತದೆ, ನಿಜ. ಆದರೆ ಅದರ ಹೂವಿನ ಕೆಳಗಿನ ಎಸಳುಗಳು ದೋಣಿಯಂತೆ ಮುಚ್ಚಿಕೊಂಡಿದ್ದು, ಭಾರದ ಹುಳ ಕೂತು ಒತ್ತಿದಾಗ ಒಳಗಿನದು ಹೊರಗೆ ಬರುತ್ತದೆ. ಹಗುರ ಹುಳಕ್ಕೆ ಅದು ಕಷ್ಟ. ಬಡಗಿ ದುಂಬಿ ಮತ್ತು ಎಲೆ ಕತ್ತರಿಸುವ ಜೇನು ಈ ಕೆಲಸದಲ್ಲಿ ನಿಪುಣರು. ಹೈದರಾಬಾದಿನ ಹತ್ತಿರ ಪಟಾಂಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆಯವರು ಹೈಬ್ರಿಡ್ ತೊಗರಿ ಬೀಜ ಮಾಡಲು ಆಧರಿಸಿದ್ದು ಇಂಥ ಹುಳಗಳನ್ನೇ. ಗಂಡು ಸಾಲಿನ ಪರಾಗವನ್ನು ಹೆಣ್ಣು ಸಾಲಿಗೆ ಒಯ್ಯುವವರು ಬೇರೆ ಯಾರಿದ್ದಾರೆ?

ಇದೇ ಕಾರಣಕ್ಕೆ ಮನೆಯ ಬೀಜ ಕೂಡಿಡುವ ಅಕ್ಕಂದಿರಿಗೆ ಒಂದು ಮಾತು. ಒಂದೇ ಹೊಲದಲ್ಲಿ ಬಿಳಿ ತೊಗರಿಯೂ ಕೆಂಪು ತೊಗರಿಯೂ ಇದ್ದರೆ ದುಂಬಿ ಎರಡನ್ನೂ ಕಲಸುತ್ತದೆ. ಬೀಜಕ್ಕೆ ಇಡುವುದನ್ನು ಬೇರೆ ತಳಿಯ ಪಕ್ಕದಿಂದ ಆರಿಸಬೇಡಿ, ಹೊಲದ ಆ ಬದಿಯಿಂದ ದೂರ, ಒಳಗಿನ ಸಾಲುಗಳಿಂದ ಆರಿಸಿ.

ಜೇವರ್ಗಿಯ ತಂಗಿ, ಈಗ ನಿಮ್ಮ ಬಾಟಲಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಹೂವಿನ ಹೊತ್ತಿನಲ್ಲೇ ಕಾಯಿಕೊರಕ ಕೀಡೆ ಬೀಳುತ್ತದೆ, ಔಷಧ ಹೊಡೆಯದೆ ನಿರ್ವಾಹವಿಲ್ಲದ ವರ್ಷಗಳೂ ಇವೆ. ಗಂಡಸರು ಹೊಡೆಯಲೇಬೇಕೆಂದರೆ ಹೊತ್ತು ಮುಳುಗುವ ಸಮಯ ಆರಿಸಲು ಹೇಳಿ. ಅಷ್ಟರಲ್ಲಿ ಹಗಲು ದುಡಿಯುವ ದುಂಬಿಗಳು ಮನೆ ಸೇರಿರುತ್ತವೆ. ಎಷ್ಟು ಕೀಡೆ ಇದ್ದರೆ ಹೊಡೆಯಬೇಕು, ಯಾವುದು ಹೊಡೆಯಬೇಕು ಅನ್ನುವುದನ್ನು ಅಂಗಡಿಯವನನ್ನು ಕೇಳುವ ಬದಲು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಲಿ. 2008ರಲ್ಲಿ ಆರಂಭವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೇಂದ್ರ ಅದು, ತೊಗರಿಯ ಕೆಲಸ ಅಲ್ಲಿ ಬಹಳ ನಡೆದಿದೆ. ನಾವು ಹೆಂಗಸರು ಹೇಳಿದರೆ ಕೇಳುತ್ತಾರೆಯೇ ಅನ್ನಬೇಡಿ. ಊಟಕ್ಕೆ ಕೂತಾಗ, ಎರಡನೇ ರೊಟ್ಟಿ ಬಡಿಸುವ ಹೊತ್ತಿಗೆ ಹೇಳಿದ ಮಾತಿಗೆ ಬಹಳ ಬೆಲೆ.

ಎಳ್ಳ ಅಮಾಸಿಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಭಜ್ಜಿ, ಕಡುಬು, ಸಜ್ಜೆ ರೊಟ್ಟಿ ಉಂಡಮೇಲೆ ಮಕ್ಕಳನ್ನು ತೊಗರಿ ಸಾಲಿಗೆ ಕರೆದೊಯ್ದು ಕಾಯಿಯಲ್ಲಿ ಕಾಳೆಷ್ಟು ಎಣಿಸಲು ಹೇಳಿ. ಈ ಕಾಳಿನಲ್ಲಿ ನಮ್ಮ ಜಂತಿಯ ಗುಂಗಿ ಹುಳದ ಪಾಲೂ ಇದೆ ಅಂತ ತಿಳಿಸಿ. ತೂತಿಗೆ ಕಡ್ಡಿ ಚುಚ್ಚುವ ಕೈ ತಾನಾಗಿ ನಿಲ್ಲುತ್ತದೆ.

ಬಿದಿರು ಕಟ್ಟಿ ನೋಡಿದವರು, ದುಂಬಿ ಯಾವ ತುಂಡಿಗೆ ಬಂತು, ಎಷ್ಟು ದಿನಕ್ಕೆ ಬಂತು ಅಂತ ಒಂದು ಕಾಗದ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಬೇಸಿಗೆಯ ಸಂಡಿಗೆ, ಹಪ್ಪಳಗಳಿಗೆ ಮಳೆಗಾಲದಲ್ಲಿ ಹುಳ ಬೀಳದಂತೆ ಕಾಪಾಡುವುದು ಹೇಗೆ ಎಂಬುದನ್ನು ನೋಡೋಣ.